ಜಗತ್ತಿನ ಅತ್ಯಂತ ಉತ್ತರದ ನೆಲ ಯಾವುದು? ಕಾಫೆಕ್ಲುಬ್ಬೆನ್ ಮತ್ತು ಅದರಾಚೆಯ ‘ದ್ವೀಪ’ಗಳ ಬಗ್ಗೆ ಚರ್ಚೆ

ನಕಾಶೆಗಾರ:

ಭೂಮಿಯ ಅತ್ಯಂತ ಉತ್ತರದ ನೆಲ ಯಾವುದು ಎಂಬ ಪ್ರಶ್ನೆಗೆ ಸಿಗುವ ಉತ್ತರ, ಯಾವ ಕಾಲದ ಪುಸ್ತಕವನ್ನು ತೆರೆದಿದ್ದೇವೆ ಎಂಬುದರ ಮೇಲೆ ನಿಂತಿದೆ. ಹಳೆಯ ಭೂಪಟಗಳು ಗ್ರೀನ್‌ಲ್ಯಾಂಡಿನ ಮೋರಿಸ್ ಜೆಸಪ್ ಭೂಶಿರವನ್ನು ತೋರಿಸುತ್ತವೆ. 1969ರ ಅಳತೆಯ ನಂತರ ಆ ಸ್ಥಾನ ಅದರ ಪೂರ್ವಕ್ಕಿರುವ ಕಾಫೆಕ್ಲುಬ್ಬೆನ್ ಎಂಬ ಪುಟ್ಟ ದ್ವೀಪಕ್ಕೆ ಹೋಯಿತು. 1978ರಲ್ಲಿ ಊಡಾಕ್ ಎಂಬ ಜಲ್ಲಿಗುಡ್ಡೆ ಬಂದು ಅದನ್ನೂ ಹಿಂದಿಕ್ಕಿತು, 2021ರಲ್ಲಿ ಊಡಾಕ್‌ಗಿಂತ ಉತ್ತರದ ಇನ್ನೊಂದು ಗುಡ್ಡೆ ಸುದ್ದಿಯಾಯಿತು. ಮರುವರ್ಷವೇ ನಡೆದ ಅಳತೆಗಳ ಫಲವಾಗಿ ಪಟ್ಟಿ ಹಿಂದಕ್ಕೆ ಸರಿದು ಈಗ ಮತ್ತೆ ಕಾಫೆಕ್ಲುಬ್ಬೆನ್‌ನಲ್ಲಿ ನಿಂತಿದೆ. ಧ್ರುವ ಪ್ರದೇಶದ ದ್ವೀಪಗಳ ಒಂದು ಕೋಷ್ಟಕವನ್ನು ಸಿದ್ಧಪಡಿಸುತ್ತಿರುವುದರಿಂದ ಈ ವಿಷಯವನ್ನು ಇಲ್ಲಿ ಎತ್ತುತ್ತಿದ್ದೇನೆ. ದಾಖಲೆ ಯಾರದು ಎಂಬುದಕ್ಕಿಂತ, ನೀರಿನ ಮೇಲೆ ಕಲ್ಲುಮಣ್ಣು ಕಂಡ ಮಾತ್ರಕ್ಕೆ ಅದನ್ನು ದ್ವೀಪ ಎನ್ನಬಹುದೇ, ಅಥವಾ ಅದರ ಅಡಿಯಲ್ಲಿ ಏನಿದೆ ಎಂದು ನೋಡಿದ ಮೇಲೆಯೇ ಹೆಸರಿಡಬೇಕೇ ಎಂಬುದು ನನ್ನ ಮುಖ್ಯ ಪ್ರಶ್ನೆ. ಅಡಿಯನ್ನು ನೋಡಲೇಬೇಕು ಎಂಬುದು ನನ್ನ ನಿಲುವು.

ಮೊದಲು ತಕರಾರಿಲ್ಲದ ಭಾಗವನ್ನು ಹೇಳಿಬಿಡುತ್ತೇನೆ. ಕಾಫೆಕ್ಲುಬ್ಬೆನ್ ಇರುವುದು ಸುಮಾರು 83°40′ ಉತ್ತರ ಅಕ್ಷಾಂಶದಲ್ಲಿ, 30° ಪಶ್ಚಿಮ ರೇಖಾಂಶದ ಆಸುಪಾಸಿನಲ್ಲಿ, ಪಿಯರಿ ಲ್ಯಾಂಡ್ ಎಂಬ ಪ್ರದೇಶದ ಕರಾವಳಿಯಾಚೆ. ಮೋರಿಸ್ ಜೆಸಪ್ ಭೂಶಿರದಿಂದ ಪೂರ್ವಕ್ಕೆ ಸುಮಾರು 40 ಕಿ.ಮೀ., ಉತ್ತರ ಧ್ರುವದಿಂದ 700 ಕಿ.ಮೀ.ಗಿಂತ ತುಸು ಹೆಚ್ಚು ದೂರ. ಉದ್ದ ಒಂದು ಕಿಲೋಮೀಟರಿಗೂ ಕಡಿಮೆ, ಎತ್ತರ ಸುಮಾರು 30 ಮೀಟರ್. ಅಮೆರಿಕದ ಧ್ರುವ ಅನ್ವೇಷಕ ರಾಬರ್ಟ್ ಪಿಯರಿ 1900ರಲ್ಲಿ ಇದನ್ನು ಕಂಡಿದ್ದರು; ಕಾಲಿಟ್ಟು ಹೆಸರಿಟ್ಟವರು 1921ರಲ್ಲಿ ಅಲ್ಲಿಗೆ ತಲುಪಿದ ಡೆನ್ಮಾರ್ಕಿನ ಭೂವಿಜ್ಞಾನಿ ಲೌಗೆ ಕೋಖ್. ಕೋಪನ್‌ಹೇಗನ್ನಿನ ಖನಿಜ ಸಂಗ್ರಹಾಲಯದಲ್ಲಿ ಕಾಫಿಗೆಂದು ಸೇರುತ್ತಿದ್ದ ಸಹೋದ್ಯೋಗಿಗಳ ಕೂಟದ ಹೆಸರನ್ನೇ ಅವರು ದ್ವೀಪಕ್ಕೆ ಕೊಟ್ಟರು. ಗ್ರೀನ್‌ಲ್ಯಾಂಡಿನ ಭಾಷೆಯಲ್ಲಿ ಅದರ ಅಧಿಕೃತ ಹೆಸರು ಇನುಯಿಟ್ ಕೆಕರ್ಟಾಟ್. ಅಲ್ಲಿ ಯಾರೂ ವಾಸಿಸುವುದಿಲ್ಲ.

ಅಕ್ಷರೇಖೆ:

1900ರಲ್ಲೇ ಕಂಡ ದ್ವೀಪ ಭೂಶಿರಕ್ಕಿಂತ ಉತ್ತರದಲ್ಲಿದೆ ಎಂದು ತಿಳಿಯಲು 1969ರವರೆಗೆ ಏಕೆ ಕಾಯಬೇಕಾಯಿತು ಎಂದು ಕೆಲವರಿಗಾದರೂ ಅನಿಸಬಹುದು. ಆ ವರ್ಷ ಕೆನಡಾದ ತಂಡವೊಂದು ಲೆಕ್ಕ ಹಾಕಿದಾಗ ದ್ವೀಪದ ಉತ್ತರ ತುದಿ ಭೂಶಿರಕ್ಕಿಂತ ಸುಮಾರು 750 ಮೀಟರ್ ಮಾತ್ರ ಉತ್ತರಕ್ಕಿತ್ತು. ಅಕ್ಷಾಂಶದ ಒಂದು ನಿಮಿಷ (ಡಿಗ್ರಿಯ ಅರವತ್ತನೆಯ ಒಂದು ಭಾಗ) ಅಲ್ಲಿ ಸುಮಾರು 1.86 ಕಿ.ಮೀ.; ಆದ್ದರಿಂದ ಈ ಇಡೀ ವ್ಯತ್ಯಾಸ ಅರ್ಧ ನಿಮಿಷಕ್ಕಿಂತಲೂ ಕಡಿಮೆ. ಜಾರುಬಂಡಿಯಲ್ಲಿ ಸಾಗುತ್ತ, ಮರಗಟ್ಟುವ ಚಳಿಯಲ್ಲಿ ಸೆಕ್ಸ್‌ಟಂಟ್ ಅಥವಾ ಥಿಯೊಡೊಲೈಟ್ ಹಿಡಿದು ಸೂರ್ಯನ ಎತ್ತರ ಅಳೆಯುವವರಿಗೆ ಅರ್ಧ ನಿಮಿಷದ ದೋಷ ಏನೇನೂ ದೊಡ್ಡದಲ್ಲ.

ಅಲ್ಲಿಯ ಸೂರ್ಯ ಎತ್ತರಕ್ಕೆ ಏರುವುದೇ ಇಲ್ಲ. ಜೂನ್ ಅಯನ ಸಂಕ್ರಾಂತಿಯ ದಿನವೂ ಅದು ನಡುಹಗಲಿನಲ್ಲಿ ದಿಗಂತದಿಂದ ಸುಮಾರು 30° ಮೇಲಿದ್ದರೆ, ನಡುರಾತ್ರಿಯಲ್ಲಿ ಸುಮಾರು 17° ಮೇಲಿರುತ್ತದೆ. 17° ಎತ್ತರದಲ್ಲಿ ಗಾಳಿಯ ವಕ್ರೀಭವನವೊಂದೇ ಸೂರ್ಯನನ್ನು ಸುಮಾರು 3 ನಿಮಿಷದಷ್ಟು ಮೇಲೆತ್ತಿ ತೋರಿಸುತ್ತದೆ, ಮತ್ತು ಗಾಳಿ ತಣ್ಣಗಿದ್ದಷ್ಟೂ ಈ ಪ್ರಮಾಣ ಹೆಚ್ಚುತ್ತದೆ. ಕೋಷ್ಟಕ ನೋಡಿ ತಿದ್ದಿಕೊಳ್ಳಬಹುದು, ನಿಜ; ಆದರೆ ತಣ್ಣನೆಯ ಹಿಮದ ಮೇಲೆ ಬೆಚ್ಚನೆಯ ಗಾಳಿಯ ಪದರ ಕೂತಿರುವ ದಿನ ಯಾವ ಕೋಷ್ಟಕವನ್ನೂ ಪೂರ್ತಿ ನಂಬುವಂತಿಲ್ಲ. ಒತ್ತಿ ಎದ್ದ ಹಿಮದ ದಿಬ್ಬಗಳು ದಿಗಂತದ ಗೆರೆಯನ್ನು ಒಡೆದುಬಿಡುವುದರಿಂದ ತಟ್ಟೆಯಲ್ಲಿ ಪಾದರಸ ಸುರಿದು ಕೃತಕ ದಿಗಂತ ಮಾಡಿಕೊಳ್ಳಬೇಕಾಗುತ್ತಿತ್ತು. ಇಷ್ಟೆಲ್ಲ ಪಾಡುಪಟ್ಟು ಸಿಕ್ಕ ಅಂಕಿಯ ಕೊನೆಯ ಅರ್ಧ ನಿಮಿಷದ ಮೇಲೆ ಯಾರೂ ಆಣೆ ಇಡುತ್ತಿರಲಿಲ್ಲ.

ರೇಖಾಂಶದ ಮಾತು ಬೇರೆ. ಅಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 12.3 ಕಿ.ಮೀ. ಮಾತ್ರ, ಸಮಭಾಜಕದಲ್ಲಿ ಅದೇ ಡಿಗ್ರಿ 111 ಕಿ.ಮೀ. ಅಂದರೆ ಪೂರ್ವ-ಪಶ್ಚಿಮದ ಕೋನದೋಷ ನೆಲದ ಮೇಲೆ ಅಷ್ಟು ದುಬಾರಿಯಾಗುವುದಿಲ್ಲ. ಉತ್ತರ-ದಕ್ಷಿಣದ ಅಂಕಿಗೆ ಈ ರಿಯಾಯಿತಿ ಇಲ್ಲ.

ಹೊಸ ಓದುಗ:

ಒಂದು ಮೂಲಭೂತ ಸಂದೇಹ. ಗ್ರೀನ್‌ಲ್ಯಾಂಡ್ ಎಂದರೆ ಕಿಲೋಮೀಟರುಗಟ್ಟಲೆ ದಪ್ಪದ ಹಿಮ ಎಂದೇ ಓದಿದ್ದೇವೆ. ಅದರ ಉತ್ತರ ತುದಿಯಲ್ಲಿ, ಧ್ರುವಕ್ಕೆ ಅಷ್ಟು ಹತ್ತಿರದಲ್ಲಿ, ಬರಿಯ ಕಲ್ಲು ಕಾಣುವ ದ್ವೀಪ ಇರಲು ಹೇಗೆ ಸಾಧ್ಯ?

ಕಲ್ಲುಬಂಡೆ:

ಹಿಮಹಾಸು ಬೆಳೆಯಲು ಚಳಿಯೊಂದೇ ಸಾಲದು. ಕರಗುವುದಕ್ಕಿಂತ ಹೆಚ್ಚು ಹಿಮ ಬೀಳಬೇಕು. ಪಿಯರಿ ಲ್ಯಾಂಡ್ ಧ್ರುವ ಮರುಭೂಮಿ. ಅದರ ಮುಂದಿನ ಸಾಗರ ವರ್ಷದ ಬಹುಪಾಲು ಹಿಮದ ಮುಚ್ಚಳದಡಿಯಲ್ಲೇ ಇರುವುದರಿಂದ ಅಲ್ಲಿಂದ ಆವಿ ಏಳುವುದು ಕಡಿಮೆ; ದಕ್ಷಿಣದಿಂದ ಬರುವ ತೇವದ ಗಾಳಿ ದಾರಿಯಲ್ಲೇ ತನ್ನ ಹಿಮವನ್ನು ಸುರಿಸಿಬಿಟ್ಟಿರುತ್ತದೆ. ಹಾಗಾಗಿ ಗ್ರೀನ್‌ಲ್ಯಾಂಡಿನ ಮಹಾ ಹಿಮಹಾಸು ಪಿಯರಿ ಲ್ಯಾಂಡಿನ ದಕ್ಷಿಣದಲ್ಲೇ ನಿಲ್ಲುತ್ತದೆ. ಉತ್ತರದ ಬೆಟ್ಟಗಳ ಮೇಲೆ ಸ್ಥಳೀಯ ಹಿಮಟೋಪಿಗಳೂ ಅವುಗಳಿಂದ ಇಳಿಯುವ ಹಿಮನದಿಗಳೂ ಇವೆ, ನಡುವೆ ಹಿಮವಿಲ್ಲದ ವಿಶಾಲವಾದ ಬಯಲು ನೆಲ ಇದೆ. ಈ ಹಿಮನದಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಬೆಳಕಿನ ಲೆಕ್ಕ ಹೀಗಿದೆ: ಏಪ್ರಿಲ್ ಮೊದಲ ವಾರದಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಸೂರ್ಯ ಮುಳುಗುವುದಿಲ್ಲ, ಅಕ್ಟೋಬರ್ ಎರಡನೆಯ ವಾರದಿಂದ ಮಾರ್ಚ್ ಆರಂಭದವರೆಗೆ ಹುಟ್ಟುವುದಿಲ್ಲ. ಈ ವೇಳಾಪಟ್ಟಿಯಲ್ಲೂ ಕಾಫೆಕ್ಲುಬ್ಬೆನ್ ಮೇಲೆ ಹೂಬಿಡುವ ಗಿಡಗಳಿವೆ. ನೇರಳೆ ಸ್ಯಾಕ್ಸಿಫ್ರೇಜ್ ಎಂಬ ಗಿಡ ಜಲ್ಲಿಯ ಸಂದಿನಲ್ಲಿ ನೆಲಕ್ಕೆ ಒತ್ತಿಕೊಂಡು, ಎಲೆಗಳನ್ನು ಎದುರುಬದುರಾಗಿ ಒತ್ತಾಗಿ ಜೋಡಿಸಿಕೊಂಡು, ಮೆತ್ತೆಯ ಹಾಗೆ ಬೆಳೆಯುತ್ತದೆ. ಗಾಳಿ ಅದರ ಮೇಲಿಂದ ಹಾದುಹೋಗುತ್ತದೆ, ಮೆತ್ತೆಯ ಒಳಗೆ ಬಿಸಿಲಿನ ಕಾವು ತುಸು ಹೊತ್ತು ಉಳಿಯುತ್ತದೆ. ಮುಂದಿನ ವರ್ಷದ ಮೊಗ್ಗುಗಳನ್ನು ಅದು ಹಿಂದಿನ ಬೇಸಿಗೆಯಲ್ಲೇ ಕಟ್ಟಿಟ್ಟಿರುತ್ತದೆ, ಆದ್ದರಿಂದ ಹಿಮ ಸರಿದ ಕೂಡಲೇ ತಡಮಾಡದೆ ಅರಳಬಲ್ಲದು. ಆರ್ಕ್ಟಿಕ್ ಗಸಗಸೆಯ ಗಿಡವೂ ಅಲ್ಲಿದೆ, ಜೊತೆಗೆ ಪಾಚಿ ಮತ್ತು ಕಲ್ಲುಹೂವುಗಳು. ಹೂಬಿಡುವ ಸಸ್ಯಗಳ ಅತ್ಯಂತ ಉತ್ತರದ ನೆಲೆ ಇದೆಂದೇ ಸಸ್ಯವಿಜ್ಞಾನದ ಬರಹಗಳು ಹೇಳುತ್ತವೆ.

ವಿಷಯದ ಅಂಚಿಗೆ ಸೇರಿದ ಇನ್ನೊಂದು ಮಾತು. ದ್ವೀಪ ನಿರ್ಜನವಾದರೂ ಅದರ ಹಿನ್ನೆಲೆಯ ಪಿಯರಿ ಲ್ಯಾಂಡ್ ಯಾವಾಗಲೂ ನಿರ್ಜನವಾಗಿರಲಿಲ್ಲ. ಇಂಡಿಪೆಂಡೆನ್ಸ್ ಫಿಯೋರ್ಡ್ ಎಂಬ ಕಡಲಚಾಚಿನ ಸುತ್ತ 4000 ವರ್ಷಗಳಿಗೂ ಹಿಂದೆ ಕಸ್ತೂರಿ ಎತ್ತುಗಳನ್ನು ಬೇಟೆಯಾಡಿ ಬದುಕಿದ ಜನರ ಒಲೆಗಳನ್ನು ಡೆನ್ಮಾರ್ಕಿನ ಪುರಾತತ್ವಜ್ಞ ಎಯ್ಗಿಲ್ ಕ್ನೂತ್ ಅವರ ತಂಡ 1940ರ ದಶಕದ ಕೊನೆಯಲ್ಲಿ ಪತ್ತೆಮಾಡಿತು. ಮರವೇ ಬೆಳೆಯದ ಆ ನಾಡಿನಲ್ಲಿ ಅವರು ಉರಿಸಿದ್ದು ಸೈಬೀರಿಯಾದ ನದಿಗಳಿಂದ ಹೊರಟು ಹಿಮದ ಜೊತೆ ಸಾಗರ ದಾಟಿ ಬಂದ ತೇಲುಮರವನ್ನು.

ನಕಾಶೆಗಾರ:

ಈಗ ತಕರಾರಿನ ಭಾಗ. 1978ರಲ್ಲಿ ಡೆನ್ಮಾರ್ಕಿನ ಭೂಮಾಪಕರ ತಂಡ ಕಾಫೆಕ್ಲುಬ್ಬೆನ್ ನಿಜಕ್ಕೂ ಅತ್ಯಂತ ಉತ್ತರದ್ದೇ ಎಂದು ಖಚಿತಪಡಿಸಿಕೊಳ್ಳಲು ಅಲ್ಲಿಗೆ ಹೋಗಿತ್ತು. ಅಲ್ಲಿಂದ ಉತ್ತರಕ್ಕೆ ಕಣ್ಣು ಹಾಯಿಸಿದಾಗ ಹಿಮದ ನಡುವೆ ಕಪ್ಪಗೆ ಏನೋ ಕಂಡಿತು. ಹತ್ತಿರ ಹೋದರೆ ಸುಮಾರು 8 ಮೀಟರ್ ಅಗಲದ ಜಲ್ಲಿ ಮತ್ತು ಹೂಳಿನ ಗುಡ್ಡೆ. 1909ರಲ್ಲಿ ಪಿಯರಿಯವರ ಜೊತೆ ಧ್ರುವದತ್ತ ಸಾಗಿದ್ದ ಇನುಯಿಟ್ ಸಂಗಾತಿಯ ಹೆಸರನ್ನು ಅದಕ್ಕೆ ಕೊಟ್ಟು ಊಡಾಕ್ ಎಂದು ಕರೆದರು. ಕಾಫೆಕ್ಲುಬ್ಬೆನ್‌ಗಿಂತ ಅದು ಒಂದೂಕಾಲು ಕಿಲೋಮೀಟರಿಗೂ ಹೆಚ್ಚು ಉತ್ತರದಲ್ಲಿತ್ತು. ನಂತರ ಹುಡುಕಿದವರಿಗೆ ಅದು ಆ ಜಾಗದಲ್ಲಿ ಸಿಗಲಿಲ್ಲ.

ಸಿಗಲಿಲ್ಲವೆಂದು ಹುಡುಕಾಟ ನಿಲ್ಲಲಿಲ್ಲ. 1996ರಲ್ಲಿ ಅಮೆರಿಕದ ತಂಡವೊಂದಕ್ಕೆ ಒಂದು, 2003ರಲ್ಲಿ ಅಮೆರಿಕದ ಅನ್ವೇಷಕ ಡೆನಿಸ್ ಶ್ಮಿಟ್ ಅವರಿಗೆ ಇನ್ನೊಂದು, 2007ರಲ್ಲಿ ಮತ್ತೊಂದು ಹೀಗೆ ಗುಡ್ಡೆಗಳು ಸಿಗುತ್ತಲೇ ಹೋದವು. 2003ರದ್ದಕ್ಕೆ ಅದರ ಅಕ್ಷಾಂಶದಿಂದಲೇ ‘83-42’ ಎಂಬ ಹೆಸರು ಬಂತು. 2021ರ ಜುಲೈನಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಮೋರ್ಟೆನ್ ರಾಶ್ ಅವರ ತಂಡ ಮಾದರಿ ಸಂಗ್ರಹಿಸಲು ಊಡಾಕ್ ಮೇಲೆ ಇಳಿದಿದ್ದೇವೆಂದು ಭಾವಿಸಿ ಒಂದು ಗುಡ್ಡೆಯ ಮೇಲೆ ಹೆಲಿಕಾಪ್ಟರ್ ಇಳಿಸಿತು. ಆಮೇಲೆ ಅಂಕಿಗಳನ್ನು ತಾಳೆ ನೋಡಿದಾಗ ಅದು ಊಡಾಕ್‌ನ ದಾಖಲಿತ ಜಾಗದಿಂದ ಸುಮಾರು 780 ಮೀಟರ್ ವಾಯವ್ಯಕ್ಕಿತ್ತು. ಸುಮಾರು 60 ಮೀಟರ್ ಉದ್ದ, 30 ಮೀಟರ್ ಅಗಲ, ನೀರಿನ ಮಟ್ಟದಿಂದ 3ರಿಂದ 4 ಮೀಟರ್ ಎತ್ತರ. ಮೇಲೆಲ್ಲ ಹೂಳು ಮತ್ತು ಜಲ್ಲಿ. ಕೆಕರ್ಟಾಕ್ ಅವನ್ನಾರ್ಲೆಕ್ ಎಂಬ ಹೆಸರನ್ನೂ ಸೂಚಿಸಲಾಯಿತು.

ಮರುವರ್ಷ ಸ್ವಿಟ್ಜರ್ಲೆಂಡ್ ಮತ್ತು ಡೆನ್ಮಾರ್ಕಿನ ಸಂಶೋಧಕರು ಈ ಎಲ್ಲ ಜಾಗಗಳಿಗೂ ಹೋಗಿ, ಹಿಂದೆ ಯಾರೂ ಮಾಡದಿದ್ದ ಒಂದು ಕೆಲಸ ಮಾಡಿದರು: ಸಮುದ್ರದ ಆಳ ಅಳೆದರು. ದ್ವೀಪಗಳೆಂದು ವರದಿಯಾಗಿದ್ದ ಕಡೆ ಆಳ 26ರಿಂದ 47 ಮೀಟರ್ ಇತ್ತು. ಸಮುದ್ರತಳದಿಂದ ಮೇಲೆದ್ದ ದಿಣ್ಣೆ ಯಾವುದೂ ಇರಲಿಲ್ಲ. ಅವೆಲ್ಲ ಮೇಲೆ ಕಲ್ಲುಮಣ್ಣು ಹೊದ್ದು ತಳಕ್ಕೆ ತಾಗಿ ನಿಂತ ಚಪ್ಪಟೆ ಹಿಮಗಡ್ಡೆಗಳು ಎಂಬ ತೀರ್ಮಾನಕ್ಕೆ ಅವರು ಬಂದರು.

ಹಿಮಧಾರೆ:

ಈ ಅಂಕಿಗಳು ಒಂದಕ್ಕೊಂದು ಎಷ್ಟು ಚೆನ್ನಾಗಿ ಹೊಂದುತ್ತವೆ ಎಂಬುದನ್ನು ಕಾಗದದ ಮೇಲೆ ಯಾರು ಬೇಕಾದರೂ ನೋಡಬಹುದು. ಹಿಮನದಿಯ ಮಂಜುಗಡ್ಡೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.917 ಗ್ರಾಂ, ಸಮುದ್ರದ ನೀರಿನದು ಸುಮಾರು 1.025. ಇವೆರಡರ ಅನುಪಾತದಿಂದ, ತೇಲುವ ಗಡ್ಡೆಯ ಒಟ್ಟು ದಪ್ಪದಲ್ಲಿ ಸುಮಾರು ಹತ್ತನೆಯ ಒಂದು ಭಾಗ ಮಾತ್ರ ನೀರಿನ ಮೇಲಿರುತ್ತದೆ. ಮೇಲೆ 3 ಮೀಟರ್ ಕಾಣುವ ಚಪ್ಪಟೆ ಗಡ್ಡೆಗೆ ಕೆಳಗೆ ಸುಮಾರು 25 ಮೀಟರ್ ಇರಬೇಕು; 4 ಮೀಟರ್ ಕಂಡರೆ 34 ಮೀಟರ್. ಮೇಲೆ ಹೊತ್ತ ಜಲ್ಲಿಯ ಭಾರ ಸೇರಿದರೆ ಇನ್ನೂ ತುಸು ಆಳಕ್ಕೆ ಇಳಿಯುತ್ತದೆ. ಅಳೆದ ಆಳವೂ ಅದೇ ವ್ಯಾಪ್ತಿಯಲ್ಲಿದೆ. ಅಂದರೆ 2021ರಲ್ಲಿ ಎತ್ತರದ ಅಂಕಿ ಸಿಕ್ಕಾಗಲೇ ಸಂದೇಹಕ್ಕೆ ಜಾಗವಿತ್ತು. ನಿಜವಾದ ಜಲ್ಲಿದಿಣ್ಣೆಗೆ ಇಂತಿಷ್ಟೇ ಎತ್ತರವಿರಬೇಕೆಂಬ ನಿರ್ಬಂಧವಿಲ್ಲ; ಗಡ್ಡೆಗಾದರೋ ತನ್ನ ದಪ್ಪ ಮತ್ತು ಕೆಳಗಿನ ಆಳ ಸೇರಿ ನಿರ್ಧರಿಸಿದ ಎತ್ತರವೇ ಗತಿ.

ಇವು ಇಷ್ಟು ವರ್ಷ ಬಾಳುವುದು ಹೇಗೆ ಎಂಬುದಕ್ಕೆ ಎರಡು ಕಾರಣ ಕಾಣುತ್ತದೆ. ಮೊದಲನೆಯದು ಸ್ಥಳ. ಸಾಗರದ ಹಿಮವನ್ನು ಸೈಬೀರಿಯಾ ಕಡೆಯಿಂದ ಈಚೆಗೆ ತಳ್ಳುವ ಪ್ರವಾಹ ಗ್ರೀನ್‌ಲ್ಯಾಂಡಿನ ಉತ್ತರ ಕರಾವಳಿಗೆ ಅದನ್ನು ಒತ್ತರಿಸುತ್ತದೆ; ಆರ್ಕ್ಟಿಕ್‌ನ ಅತ್ಯಂತ ದಪ್ಪ, ಅತ್ಯಂತ ಹಳೆಯ ಸಮುದ್ರ ಹಿಮ ಇಲ್ಲಿಯದು. ಸುತ್ತಲಿನ ಹಿಮವೇ ಗೋಡೆಯಾಗಿ ಅಲೆಗಳನ್ನು ತಡೆಯುತ್ತದೆ, ಗಡ್ಡೆಯನ್ನು ಅಲುಗದಂತೆ ಹಿಡಿಯುತ್ತದೆ. ಎರಡನೆಯದು ಮೇಲಿನ ಹೊದಿಕೆ. ತೆಳುವಾದ ಮಣ್ಣಿನ ಪದರ ಬಿಸಿಲನ್ನು ಹೀರಿ ಹಿಮವನ್ನು ಬೇಗ ಕರಗಿಸುತ್ತದೆ. ಆದರೆ ಪದರ ಕೆಲವು ಸೆಂಟಿಮೀಟರ್ ದಾಟಿದರೆ ಶಾಖ ಕೆಳಗಿಳಿಯಲು ಬಿಡದೆ ಹಿಮವನ್ನು ಕಾಯುತ್ತದೆ. ಕಲ್ಲು ಹೊದ್ದ ಹಿಮನದಿಗಳ ಮೇಲೆ ಈ ವರ್ತನೆಯನ್ನು 1950ರ ದಶಕದಲ್ಲೇ ಓಸ್ಟ್ರೆಮ್ ಎಂಬ ವಿಜ್ಞಾನಿ ಅಳೆದು ತೋರಿಸಿದ್ದರು. ಬಿಳಿಯ ಗಡ್ಡೆಗಳು ಕರಗಿ ಹೋದ ಮೇಲೂ ಕೊಳಕಾದವು ಉಳಿಯುವುದಕ್ಕೆ, ಹಾಗೆ ಉಳಿದವು ದ್ವೀಪದಂತೆಯೇ ಕಾಣುವುದಕ್ಕೆ ಇದೇ ಕಾರಣ.

ಕಲ್ಲುಬಂಡೆ:

ಹಿಮಗಡ್ಡೆಯ ವಾದವನ್ನು ನಾನು ಒಪ್ಪುತ್ತೇನೆ, ಆದರೆ ಅದಕ್ಕೂ ಮುಂಚಿನ ವಿವರಣೆ ಅಷ್ಟು ಸುಲಭವಾಗಿ ತಳ್ಳಿಹಾಕುವಂಥದಲ್ಲ. ಸಮುದ್ರ ಹಿಮದ ದಪ್ಪ ಹಲಗೆಗಳು ಆಳವಿಲ್ಲದ ತಳವನ್ನು ಉಳುತ್ತವೆ, ತಳದ ಜಲ್ಲಿಯನ್ನು ನೂಕಿ ಗುಡ್ಡೆಹಾಕುತ್ತವೆ. ಧ್ರುವದ ಕರಾವಳಿಗಳಲ್ಲಿ ಹಿಮ ನೂಕಿದ ಜಲ್ಲಿಯ ಏರಿಗಳು ಎಲ್ಲೆಲ್ಲೂ ಇವೆ. ಊಡಾಕ್ ಹಾಗೆ ಮೇಲೆ ಬಂದದ್ದು, ಮುಂದಿನ ಬಿರುಗಾಳಿಗೆ ಮತ್ತೆ ಕೊಚ್ಚಿಹೋದದ್ದು ಎಂದೇ ಬಹಳ ಕಾಲ ನಂಬಿದ್ದರು. ಆಳ 3 ಅಥವಾ 4 ಮೀಟರ್ ಇದ್ದಿದ್ದರೆ ಆ ವಿವರಣೆ ಗಟ್ಟಿಯಾಗಿ ನಿಲ್ಲುತ್ತಿತ್ತು. 26 ಮೀಟರ್ ಆಳದಿಂದ ಜಲ್ಲಿಯನ್ನು ನೀರಿನ ಮೇಲಕ್ಕೆ ಗುಡ್ಡೆಹಾಕಬೇಕಾದರೆ ತಳದಲ್ಲಿ ನೂರು ಮೀಟರಿಗೂ ಅಗಲವಾದ ಬುಡ ಬೇಕು, ಏಕೆಂದರೆ ಸಡಿಲ ಜಲ್ಲಿ ಕಡಿದಾಗಿ ನಿಲ್ಲುವುದಿಲ್ಲ. ಅಂಥ ಬುಡ ಇದ್ದಿದ್ದರೆ ಆಳದ ಅಳತೆಯಲ್ಲಿ ಕಾಣದೆ ಹೋಗುತ್ತಿರಲಿಲ್ಲ.

‘83-42’ರ ಮೇಲೆ ಕಲ್ಲುಹೂವು ಬೆಳೆದಿತ್ತು ಎಂಬುದನ್ನು ಅದರ ಶಾಶ್ವತತೆಗೆ ಸಾಕ್ಷಿಯಾಗಿ ಮುಂದಿಡುತ್ತಿದ್ದರು. ಕಲ್ಲುಹೂವು ಬಹಳ ನಿಧಾನವಾಗಿ ಬೆಳೆಯುತ್ತದೆ, ಒಂದೆರಡು ಬೇಸಿಗೆಯಲ್ಲಿ ಕಣ್ಣಿಗೆ ಬೀಳುವಷ್ಟಾಗುವುದಿಲ್ಲ ಎಂಬುದು ನಿಜ. ಆದರೆ ಆ ಸಾಕ್ಷಿ ಕಲ್ಲಿನ ಮೇಲ್ಮೈ ಎಷ್ಟು ಕಾಲದಿಂದ ಬಯಲಿನಲ್ಲಿದೆ ಎಂಬುದನ್ನು ಹೇಳುತ್ತದೆಯೇ ಹೊರತು, ಆ ಕಲ್ಲು ಆ ಜಾಗದಲ್ಲಿ ಎಷ್ಟು ಕಾಲದಿಂದ ಇದೆ ಎಂಬುದನ್ನಲ್ಲ. ಬೆಟ್ಟದಿಂದ ಹಿಮನದಿಯ ಮೇಲೆ ಉರುಳಿದ ಕಲ್ಲು ಹತ್ತಾರು ವರ್ಷ ಅಲ್ಲೇ ಕೂತು ಕಲ್ಲುಹೂವು ಬೆಳೆಸಿಕೊಂಡು, ಹಿಮನದಿಯ ಅಂಚು ಕಳಚಿದ ದಿನ ಆ ಬೆಳೆಯ ಸಮೇತ ಸಮುದ್ರಕ್ಕೆ ಹೊರಟಿರಬಹುದು. ನಾನು ಮೊದಲು ನೆನಪಿಟ್ಟುಕೊಳ್ಳಿ ಎಂದದ್ದು ಆ ಸ್ಥಳೀಯ ಹಿಮನದಿಗಳನ್ನೇ.

ಇದಕ್ಕೆ ಹಳೆಯ ನಿದರ್ಶನವೂ ಉಂಟು. 1950ರ ದಶಕದಲ್ಲಿ ಅಮೆರಿಕದವರು ಸಂಶೋಧನಾ ನೆಲೆ ಮಾಡಿಕೊಂಡಿದ್ದ ‘ಟಿ-3’ ಎಂಬ ತೇಲುವ ಹಿಮದ್ವೀಪದ ಮೇಲೆ ಬಂಡೆಗಳೂ ಮಣ್ಣೂ ಇದ್ದವು. ಕೆನಡಾದ ಎಲ್ಸ್‌ಮಿಯರ್ ದ್ವೀಪದ ಹಿಮಫಲಕದಿಂದ (ದಡಕ್ಕೆ ಅಂಟಿಕೊಂಡೇ ಸಮುದ್ರದ ಮೇಲೆ ತೇಲುವ ದಪ್ಪ ಹಿಮದ ಹಾಸಿನಿಂದ) ಕಳಚಿ ಬಂದಿದ್ದ ಅದನ್ನು ದಡದ ಬೆಟ್ಟಗಳ ಕಲ್ಲು ಹೊತ್ತಿದೆ ಎಂದ ಮಾತ್ರಕ್ಕೆ ಯಾರೂ ನೆಲವೆಂದು ಎಣಿಸಲಿಲ್ಲ, ಏಕೆಂದರೆ ಅದು ಚಲಿಸುತ್ತಿತ್ತು. ಊಡಾಕ್‌ನಂಥವು ಕಚ್ಚಿಕೊಂಡು ನಿಂತಿದ್ದವು, ವ್ಯತ್ಯಾಸ ಅಷ್ಟೇ.

ಸಂದೇಹಿ:

ಹಾಗಾದರೆ ನಕಾಶೆಗಾರರ ನಿಲುವನ್ನು ಅದರ ಕೊನೆಯವರೆಗೂ ಎಳೆದು ನೋಡೋಣ. ಅಂಟಾರ್ಕ್ಟಿಕಾದ ರಾಸ್ ಹಿಮಫಲಕದ ಒಳಗೆ ರೂಸ್‌ವೆಲ್ಟ್ ದ್ವೀಪ ಎಂಬುದಿದೆ. ಸುಮಾರು 130 ಕಿ.ಮೀ. ಉದ್ದ, 65 ಕಿ.ಮೀ. ಅಗಲ, 1934ರಲ್ಲಿ ಅಮೆರಿಕದ ಅನ್ವೇಷಕ ರಿಚರ್ಡ್ ಬರ್ಡ್ ಅದಕ್ಕೆ ಹೆಸರಿಟ್ಟರು. ಅದರ ಮೇಲೆ ಒಂದು ಹಿಡಿ ಮಣ್ಣೂ ಕಾಣುವುದಿಲ್ಲ, ಎಲ್ಲವೂ ಹಿಮ. ಅಡಿಯ ಬಂಡೆ ಸಮುದ್ರ ಮಟ್ಟಕ್ಕಿಂತ ಸುಮಾರು 200 ಮೀಟರ್ ಕೆಳಗಿದೆ. ಅಂದರೆ ಅದೂ ಸಮುದ್ರತಳಕ್ಕೆ ತಾಗಿ ನಿಂತ ಹಿಮವೇ. ಅದನ್ನು ಭೂಪಟಗಳು ಹಿಂಜರಿಯದೆ ದ್ವೀಪ ಎನ್ನುತ್ತವೆ. ತಳಕ್ಕೆ ತಾಗಿ ನಿಂತದ್ದೇ ಆಗಿದ್ದು, ಜೊತೆಗೆ ಕಲ್ಲುಮಣ್ಣನ್ನೂ ಹೊತ್ತಿದ್ದ ಊಡಾಕ್‌ಗೆ ಮಾತ್ರ ಏಕೆ ಈ ಕಟ್ಟುನಿಟ್ಟು? ಗಾತ್ರ ಚಿಕ್ಕದೆಂದೇ?

ಹಿಮಧಾರೆ:

ಈ ಹೋಲಿಕೆ ಸರಿಯಾದ ಜಾಗಕ್ಕೆ ಪೆಟ್ಟು ಕೊಟ್ಟಿದೆ, ಆದರೂ ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ರೂಸ್‌ವೆಲ್ಟ್ ದ್ವೀಪದ ಹಿಮ ಎಲ್ಲಿಂದಲೋ ಬಂದು ಸಿಕ್ಕಿಕೊಂಡದ್ದಲ್ಲ. ಅದರ ಮೇಲೆ ಬೀಳುವ ಹಿಮವೇ ಒತ್ತೊತ್ತಾಗಿ ಸೇರಿ ಗುಮ್ಮಟವಾಗಿದೆ, ಆ ಗುಮ್ಮಟದಿಂದ ಎಲ್ಲ ದಿಕ್ಕಿಗೂ ತನ್ನದೇ ಹರಿವಿನಲ್ಲಿ ಇಳಿಯುತ್ತದೆ, ಸುತ್ತಲಿನ ತೇಲುವ ಹಿಮಫಲಕ ಅದನ್ನು ಬಳಸಿಕೊಂಡು ಹೋಗುತ್ತದೆ. ಹಿಮವಿಜ್ಞಾನದಲ್ಲಿ ಅಂಥದ್ದಕ್ಕೆ ಹಿಮ ಉಬ್ಬು ಎಂಬ ಬೇರೆಯೇ ವರ್ಗವಿದೆ. ಅಲ್ಲಿ ಕೊರೆದು ತೆಗೆದ ಹಿಮಸ್ತಂಭದಲ್ಲಿ ಸಾವಿರಾರು ವರ್ಷಗಳ ಪದರಗಳು ಅದೇ ಜಾಗದಲ್ಲಿ ಒಂದರ ಮೇಲೊಂದು ಕೂತಿರುವುದು ಸಿಕ್ಕಿದೆ. ತಳದ ಬಂಡೆಯ ಎತ್ತರವೇ ಅದನ್ನು ಅಲ್ಲಿ ಹಿಡಿದಿದೆ. ಬಂಡೆ ಅಷ್ಟು ಮೇಲಿರದಿದ್ದರೆ ಆ ಗುಮ್ಮಟವೇ ಇರುತ್ತಿರಲಿಲ್ಲ.

ಊಡಾಕ್ ವಿಷಯದಲ್ಲಿ ಸಮುದ್ರತಳ ಮಾಡಿದ್ದು ಇಷ್ಟೇ: ತೇಲಿ ಬಂದ ಗಡ್ಡೆಯನ್ನು ತಡೆದು ನಿಲ್ಲಿಸಿತು. ಅದು ಅಡಿಯಿಂದ ಒಂದೆರಡು ಮೀಟರ್ ಕರಗಿ ತೆಳುವಾದರೆ ಎದ್ದು ತೇಲುತ್ತದೆ, ಹಿಮ ಬಿರಿದ ಬೇಸಿಗೆಯಲ್ಲಿ ಜಾಗ ಬಿಡುತ್ತದೆ. 2018ರಲ್ಲಿ ಫೆಬ್ರವರಿಯಲ್ಲೊಮ್ಮೆ, ಮತ್ತೆ ಬೇಸಿಗೆಯಲ್ಲೊಮ್ಮೆ, ಗ್ರೀನ್‌ಲ್ಯಾಂಡಿನ ಉತ್ತರಕ್ಕೆ ಅಪರೂಪವಾಗಿ ತೆರೆದ ನೀರು ಕಾಣಿಸಿಕೊಂಡಿತ್ತು. ಅಂಥ ವರ್ಷಗಳಲ್ಲಿ ಈ ಗಡ್ಡೆಗಳನ್ನು ಕಾಯುವ ಹಿಮದ ಗೋಡೆಯೇ ಇರುವುದಿಲ್ಲ. ಆದರೂ ರೂಸ್‌ವೆಲ್ಟ್ ದ್ವೀಪದ ಹೆಸರಿನಲ್ಲಿ ‘ದ್ವೀಪ’ ಎಂಬುದು ತುಸು ಉದಾರವಾದ ಬಳಕೆ ಎಂಬ ಸಂದೇಹಿಯವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಕೋಷ್ಟಕದಲ್ಲಿ ಅದಕ್ಕೊಂದು ಗುರುತು ಹಾಕುವುದು ಒಳ್ಳೆಯದು.

ಕಲ್ಲುಬಂಡೆ:

ಇವೆರಡರ ನಡುವೆ ಬೀಳುವ ಮೂರನೆಯ ಬಗೆಯೂ ಇದೆ, ಮತ್ತು ನನಗೆ ಅದೇ ಹೆಚ್ಚು ಕಷ್ಟದ್ದೆನಿಸುತ್ತದೆ. ಸೈಬೀರಿಯಾದ ಉತ್ತರಕ್ಕೆ ಲ್ಯಾಪ್ಟೆವ್ ಸಮುದ್ರದಲ್ಲಿ ಸೆಮ್ಯೊನೊವ್‌ಸ್ಕಿ ಮತ್ತು ವಸಿಲ್ಯೆವ್‌ಸ್ಕಿ ಎಂಬ ಎರಡು ದ್ವೀಪಗಳಿದ್ದವು. 19ನೆಯ ಶತಮಾನದ ಆರಂಭದಲ್ಲಿ ರಷ್ಯಾದ ನೌಕಾಧಿಕಾರಿಗಳು ಅವುಗಳನ್ನು ಅಳೆದಾಗ ಸೆಮ್ಯೊನೊವ್‌ಸ್ಕಿ ಕಿಲೋಮೀಟರುಗಟ್ಟಲೆ ಉದ್ದವಾಗಿತ್ತು. ಅವು ತೇಲಿ ಬಂದವಲ್ಲ. ಸಮುದ್ರ ಮಟ್ಟ ಕೆಳಗಿದ್ದ ಹಿಮಯುಗದ ಬಯಲು ನೆಲದ ತುಣುಕುಗಳು. ಆದರೆ ಆ ನೆಲದ ದೊಡ್ಡ ಪಾಲು ಹೆಪ್ಪುಗಟ್ಟಿದ ಹೂಳು ಮತ್ತು ಅದರೊಳಗಿನ ಮಂಜಿನ ಬೆಣೆಗಳು. ಬೇಸಿಗೆಯ ಅಲೆ ದಂಡೆಯ ಬುಡವನ್ನು ತೊಳೆದಂತೆ ಮಂಜು ಕರಗುತ್ತದೆ, ಮೇಲಿನ ಹೂಳಿನ ಗೋಡೆ ಕುಸಿಯುತ್ತದೆ, ಕುಸಿದದ್ದನ್ನು ಅಲೆ ಒಯ್ಯುತ್ತದೆ, ಮತ್ತೆ ಹೊಸ ಮಂಜು ಬಯಲಾಗುತ್ತದೆ. ವಸಿಲ್ಯೆವ್‌ಸ್ಕಿ 1930ರ ದಶಕದ ಹೊತ್ತಿಗೆ, ಸೆಮ್ಯೊನೊವ್‌ಸ್ಕಿ 1950ರ ದಶಕದ ಹೊತ್ತಿಗೆ ಇಲ್ಲವಾದವು; ಈಗ ಅಲ್ಲಿರುವುದು ಆಳವಿಲ್ಲದ ಮರಳುದಿಬ್ಬ.

ನಕಾಶೆಗಾರರ ಅಳತೆಗೋಲಿನ ಪ್ರಕಾರ ಇವು ದ್ವೀಪಗಳೇ, ನಾನೂ ಹಾಗೆಯೇ ಎಣಿಸುತ್ತೇನೆ. ಬೇರು ಅಲ್ಲೇ ಇತ್ತು, ನೆಲ ಅಲ್ಲಿಯದೇ ಆಗಿತ್ತು. ಇದನ್ನು ಹೇಳಿದ್ದೇಕೆಂದರೆ, ಕಾಣೆಯಾದದ್ದೆಲ್ಲ ದ್ವೀಪವಾಗಿರಲಿಲ್ಲ ಎಂದು ವಾದಿಸುವ ಹಾಗಿಲ್ಲ. ಊಡಾಕ್ ಪಟ್ಟಿಯಿಂದ ಬೀಳುವುದು ಅದು ಕಾಣೆಯಾಯಿತು ಎಂಬ ಕಾರಣಕ್ಕಲ್ಲ, ಅದರಡಿ 26 ಮೀಟರಿಗೂ ಹೆಚ್ಚು ನೀರಿನ ಆಳ ಸಿಕ್ಕಿತು ಎಂಬ ಕಾರಣಕ್ಕೆ.

ಹೊಸ ಓದುಗ:

ಇದಕ್ಕೆಲ್ಲ ಕಾನೂನಿನ ವ್ಯಾಖ್ಯೆಯೊಂದು ಇರಲೇಬೇಕಲ್ಲವೇ? ದ್ವೀಪ ಸಿಕ್ಕರೆ ದೇಶದ ಸಮುದ್ರದ ಗಡಿಯೂ ಮುಂದಕ್ಕೆ ಹೋಗುತ್ತದೆಯೇ?

ಕಡಲಸೀಮೆ:

ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯ 121ನೆಯ ವಿಧಿ ದ್ವೀಪವನ್ನು ವ್ಯಾಖ್ಯಾನಿಸುತ್ತದೆ. ಅದರ ಸಾರಾಂಶ: ಸಹಜವಾಗಿ ರೂಪುಗೊಂಡಿರಬೇಕು, ಭೂಭಾಗವಾಗಿರಬೇಕು, ಸುತ್ತಲೂ ನೀರಿರಬೇಕು, ಉಬ್ಬರದ ಹೊತ್ತಿನಲ್ಲೂ ನೀರಿನ ಮೇಲಿರಬೇಕು. ಈ ನಾಲ್ಕರಲ್ಲಿ ಊಡಾಕ್‌ನಂಥ ಗಡ್ಡೆ ಎಡವುವುದು ಭೂಭಾಗ ಎಂಬಲ್ಲಿ. ಹಿಮದ ಬಗ್ಗೆ 121ನೆಯ ವಿಧಿ ಏನನ್ನೂ ಹೇಳುವುದಿಲ್ಲ. ಆರ್ಕ್ಟಿಕ್‌ನ ಹಿಮವನ್ನು ಗಮನಿಸುವ 234ನೆಯ ವಿಧಿ ಇರುವುದು ಹಿಮಾವೃತ ಸಮುದ್ರದಲ್ಲಿ ಹಡಗುಗಳಿಂದಾಗುವ ಮಾಲಿನ್ಯದ ಬಗ್ಗೆ, ನೆಲದ ಬಗ್ಗೆ ಅಲ್ಲ. ಅದೇ 121ನೆಯ ವಿಧಿಯ ಮೂರನೆಯ ಉಪವಿಧಿ ಇನ್ನೊಂದು ಬಾಗಿಲನ್ನೂ ಮುಚ್ಚುತ್ತದೆ: ಮನುಷ್ಯವಾಸವನ್ನಾಗಲಿ ತನ್ನದೇ ಆದ ಆರ್ಥಿಕ ಜೀವನವನ್ನಾಗಲಿ ಪೋಷಿಸಲಾಗದ ಬಂಡೆಗಳಿಗೆ ಪ್ರತ್ಯೇಕ ಆರ್ಥಿಕ ವಲಯವೂ ಇಲ್ಲ, ಭೂಖಂಡದಂಚೂ (ಕರಾವಳಿಯಾಚೆಯ ಸಮುದ್ರತಳದ ಮೇಲಿನ ಹಕ್ಕೂ) ಇಲ್ಲ. ಅವುಗಳಿಗೆ 12 ನಾಟಿಕಲ್ ಮೈಲಿಯ ಪ್ರಾದೇಶಿಕ ಸಮುದ್ರ ಮತ್ತು ಅದಕ್ಕೆ ಹೊಂದಿಕೊಂಡ ಪಟ್ಟಿ ಮಾತ್ರ ಸಿಗುತ್ತವೆ.

ಡೆನ್ಮಾರ್ಕ್ 2014ರಲ್ಲಿ ಗ್ರೀನ್‌ಲ್ಯಾಂಡಿನ ಉತ್ತರಕ್ಕೆ ಸುಮಾರು 8,95,000 ಚ.ಕಿ.ಮೀ. ಸಮುದ್ರತಳದ ಮೇಲೆ ಹಕ್ಕು ಕೋರಿ ಅರ್ಜಿ ಸಲ್ಲಿಸಿದೆ, ಧ್ರುವವೂ ಅದರೊಳಗೆ ಬರುತ್ತದೆ. ಹೊಸ ಜಲ್ಲಿಗುಡ್ಡೆಯ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು ಈ ಅರ್ಜಿಯನ್ನು ಜೊತೆಗೆ ನೆನೆಯುವುದುಂಟು. ನನ್ನ ದೃಷ್ಟಿಯಲ್ಲಿ ಅದು ಅತಿಶಯೋಕ್ತಿ. ಆ ಕೋರಿಕೆಯ ಬುನಾದಿ, ಸಾಗರತಳದ ಪರ್ವತಸಾಲಾದ ಲೊಮೊನೊಸೊವ್ ಏಣು ಗ್ರೀನ್‌ಲ್ಯಾಂಡಿನ ಭೂಖಂಡದ ಸಹಜ ಮುಂದುವರಿಕೆ ಎಂಬ ಭೂವೈಜ್ಞಾನಿಕ ವಾದ. ಪ್ರತ್ಯೇಕ ಆರ್ಥಿಕ ವಲಯದ 200 ನಾಟಿಕಲ್ ಮೈಲಿ ಎಂದರೆ 370 ಕಿ.ಮೀ.; ಅದರ ಎದುರು ಒಂದೆರಡು ಕಿಲೋಮೀಟರಿನ ಮುನ್ನಡೆ ಗೆರೆಯ ದಪ್ಪದಷ್ಟೇ.

ಸಂದೇಹಿ:

ಕಾನೂನಿನ ಆ ಮೂರನೆಯ ಉಪವಿಧಿಯ ಪ್ರಕಾರ ಕಾಫೆಕ್ಲುಬ್ಬೆನ್ ಕೂಡ ಬಂಡೆಯೇ ಆಗಿಬಿಡುವುದಿಲ್ಲವೇ? ಅಲ್ಲಿ ಯಾರೂ ವಾಸಿಸಿಲ್ಲ, ಮುಂದೆಯೂ ವಾಸಿಸುವಂತಿಲ್ಲ.

ಕಡಲಸೀಮೆ:

ವಾದಿಸಲು ಅವಕಾಶವಿದೆ. ಆದರೆ ಬಂಡೆ ಎನಿಸಿಕೊಂಡರೂ ಅದು ದ್ವೀಪದ ವ್ಯಾಖ್ಯೆಯ ಒಳಗೇ ಉಳಿಯುತ್ತದೆ. ಕಡಿಮೆಯಾಗುವುದು ಅದರ ಸುತ್ತಲಿನ ನೀರಿನ ಹಕ್ಕು. ಹೇಗಿದ್ದರೂ ಪಿಯರಿ ಲ್ಯಾಂಡಿನ ಕರಾವಳಿ ಪಕ್ಕದಲ್ಲೇ ಇರುವುದರಿಂದ ಕಳೆದುಕೊಳ್ಳುವುದಕ್ಕೆ ಹೆಚ್ಚೇನೂ ಇಲ್ಲ. ನಕಾಶೆಗಾರರ ಕೋಷ್ಟಕಕ್ಕೆ ಇದು ಬಾಧಕವಲ್ಲ.

ಅಕ್ಷರೇಖೆ:

ಕೋಷ್ಟಕದ ಮಾತು ಬಂದದ್ದರಿಂದ ಅಂಕಿಗಳನ್ನು ಹೇಗೆ ಮುದ್ರಿಸಬೇಕು ಎಂಬುದರ ಬಗ್ಗೆ ಒಂದು ಸೂಚನೆ. ಊಡಾಕ್‌ನ ಅಕ್ಷಾಂಶವನ್ನು ಅನೇಕ ಕಡೆ 83°40′32.5″ ಎಂದು ಕೊಟ್ಟಿದ್ದಾರೆ. ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ಎಂದರೆ ನೆಲದ ಮೇಲೆ ಸುಮಾರು 3 ಮೀಟರ್. 1978ರ ಆ ದಿನ ಗುಡ್ಡೆ ಎಲ್ಲಿತ್ತು ಎಂಬುದಕ್ಕೆ ಅದು ಪ್ರಾಮಾಣಿಕ ದಾಖಲೆ. ಮರುವರ್ಷದ ಓದುಗನಿಗೆ ಅದೇ ಅಂಕಿ ಇಲ್ಲದ ಖಚಿತತೆಯನ್ನು ತೋರಿಸಿತು. ಆದ್ದರಿಂದ ಗಡ್ಡೆಗಳನ್ನು ಕೋಷ್ಟಕದಲ್ಲಿ ಸೇರಿಸುವುದಾದರೆ ಅಳೆದ ವರ್ಷವನ್ನು ಅಕ್ಷಾಂಶದ ಪಕ್ಕದಲ್ಲೇ ಬರೆಯಬೇಕು, ಸಮುದ್ರದ ಆಳಕ್ಕೊಂದು ಕಲಮನ್ನೂ ಸೇರಿಸಬೇಕು.

ಕಾಫೆಕ್ಲುಬ್ಬೆನ್‌ಗೆ 83°40′ ಎಂದಷ್ಟೇ ಸಾಕು. ಅಕ್ಷಾಂಶ-ರೇಖಾಂಶಗಳ ಲೆಕ್ಕಕ್ಕೆ ಬಳಸುವ ಹಳೆಯ ಮತ್ತು ಹೊಸ ಭೂಮಾಪನ ಆಧಾರಗಳ ನಡುವಿನ ವ್ಯತ್ಯಾಸವೇ ಸೆಕೆಂಡುಗಳನ್ನು ಬದಲಿಸಬಲ್ಲದು, ಮೂಲಗಳು ಕೊಡುವ ಸೆಕೆಂಡುಗಳೂ ಒಂದೇ ಆಗಿಲ್ಲ. ಭೂಶಿರಕ್ಕಿಂತ ಅದು ಉತ್ತರದಲ್ಲಿದೆ ಎಂಬುದನ್ನು ಅಕ್ಷಾಂಶದ ಕಲಮಿನಿಂದ ತೋರಿಸಲು ಹೋಗದೆ, ವ್ಯತ್ಯಾಸ ಸುಮಾರು 750 ಮೀಟರ್ ಎಂದು ಷರಾದಲ್ಲಿ ಬರೆಯಿರಿ.

ನಕಾಶೆಗಾರ:

ಎರಡೂ ಸೂಚನೆಗಳನ್ನು ಸೇರಿಸಿಕೊಳ್ಳುತ್ತೇನೆ. ದ್ವೀಪಗಳ ಪಟ್ಟಿಯಲ್ಲಿ ಕಾಫೆಕ್ಲುಬ್ಬೆನ್ ಮೊದಲ ಸಾಲಿನಲ್ಲಿ ಬರುತ್ತದೆ. 1978ರಿಂದ 2021ರವರೆಗೆ ವರದಿಯಾದ ಗುಡ್ಡೆಗಳು ಬೇರೆ ಪಟ್ಟಿಗೆ ಹೋಗುತ್ತವೆ, ಸೆಮ್ಯೊನೊವ್‌ಸ್ಕಿ ಮತ್ತು ವಸಿಲ್ಯೆವ್‌ಸ್ಕಿ ಮಾತ್ರ ಮುಖ್ಯ ಪಟ್ಟಿಯಲ್ಲೇ ಇಲ್ಲವಾದ ದಶಕದ ಸಮೇತ ಉಳಿಯುತ್ತವೆ. ರೂಸ್‌ವೆಲ್ಟ್ ದ್ವೀಪಕ್ಕೆ ಹಿಮಧಾರೆಯವರು ಹೇಳಿದ ಗುರುತನ್ನು ಹಾಕಿ, ತಳದ ಬಂಡೆಯ ಆಳವನ್ನು ಅದರ ಮುಂದೆ ನಮೂದಿಸುತ್ತೇನೆ. ಪೂರ್ತಿ ಹಿಮ ಹೊದ್ದ ರಷ್ಯಾದ ಉಶಾಕೊವ್ ದ್ವೀಪದ ಅಡಿಯ ಬಂಡೆಯ ಎತ್ತರದ ಬಗ್ಗೆ ನಂಬುವಂಥ ಅಳತೆ ಯಾರ ಬಳಿಯಾದರೂ ಇದ್ದರೆ ಇದೇ ಚರ್ಚೆಯಲ್ಲಿ ಹಾಕಿ. ಆ ಸಾಲನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.